ನಿಯಂತ್ರಣ ಫಲಕದಲ್ಲಿ ಶೀಲ್ಡ್ ಕೇಬಲ್‌ಗಳ ಅರ್ತಿಂಗ್: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ಸಣ್ಣ ಕೈಗಾರಿಕಾ ಘಟಕಗಳಲ್ಲಿಯೂ ಈಗ ಪಿ.ಎಲ್.ಸಿ. ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳ ಬಳಕೆ ಸಾಮಾನ್ಯವಾಗಿದೆ. ಬಾಶೆಟ್ಟಿಹಳ್ಳಿಯ ಜವಳಿ ಘಟಕವಾಗಲಿ, ದಾಬಸ್‌ಪೇಟೆಯ ಪ್ಲಾಸ್ಟಿಕ್ ಘಟಕವಾಗಲಿ, ಯಂತ್ರದ ಉಷ್ಣತೆ, ಒತ್ತಡ ಮತ್ತು ವೇಗಗಳು ಸಣ್ಣ ವಿದ್ಯುತ್ ಸಂಕೇತಗಳ ರೂಪದಲ್ಲಿಯೇ ನಿಯಂತ್ರಣ ಫಲಕವನ್ನು ತಲುಪುತ್ತವೆ. ಮೋಟಾರು ನಿಂತಿರುವಾಗ ಸರಿಯಾಗಿರುವ ಅಳತೆಯು ಮೋಟಾರು ಚಾಲನೆಗೊಂಡೊಡನೆ ಏರುಪೇರಾದರೆ, ಸಾಮಾನ್ಯವಾಗಿ ಸೆನ್ಸರ್ ಬದಲಿಸಲಾಗುತ್ತದೆ, ಅನಂತರ ಪಿ.ಎಲ್.ಸಿ. ಕಾರ್ಡ್ ಬದಲಿಸಲಾಗುತ್ತದೆ. ಅಷ್ಟಾದರೂ ದೋಷ ಉಳಿದರೆ, ಫಲಕದೊಳಗೆ ಕೇಬಲ್‌ನ ಶೀಲ್ಡ್ ಕೊನೆಗೊಳ್ಳುವ ಕೆಲವೇ ಸೆಂಟಿಮೀಟರ್‌ಗಳನ್ನು ಪರೀಕ್ಷಿಸುವುದು ಅವಶ್ಯ.

ದೋಷದ ಪರಿಣಾಮ

ಕೆ ಮಾದರಿಯ ಥರ್ಮೋಕಪಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ ಉತ್ಪಾದಿಸುತ್ತದೆ. ಅಳತೆಯಲ್ಲಿ ಕೇವಲ 1 ಮಿಲಿವೋಲ್ಟ್ ವ್ಯತ್ಯಾಸವಾದರೆ ಸುಮಾರು 24 ಡಿಗ್ರಿಗಳ ತಪ್ಪು ಕಾಣಿಸುತ್ತದೆ. 0–10 ಬಾರ್ ಅಳೆಯುವ 4–20 ಮಿಲಿಆಂಪಿಯರ್ ಟ್ರಾನ್ಸ್‌ಮಿಟರ್‌ನಲ್ಲಿ 0.8 ಮಿಲಿಆಂಪಿಯರ್ ವ್ಯತ್ಯಾಸವೆಂದರೆ ಅರ್ಧ ಬಾರ್ ತಪ್ಪು. ಇದರ ಫಲವಾಗಿ ಮಾಲು ತಿರಸ್ಕೃತವಾಗುವುದು, ಕಾರಣವಿಲ್ಲದೆ ಯಂತ್ರ ನಿಲ್ಲುವುದು ಮೊದಲಾದ ನಷ್ಟಗಳು ಉಂಟಾಗುತ್ತವೆ.

ಉದ್ದನೆಯ ಬಾಲದ ತೊಂದರೆ

ಶೀಲ್ಡ್ ಎಂದರೆ ಸಂಕೇತದ ತಂತಿಗಳನ್ನು ಸುತ್ತುವರಿದ ತಾಮ್ರದ ಹೆಣಿಗೆ ಅಥವಾ ಅಲ್ಯೂಮಿನಿಯಂ ಹಾಳೆ. ಹೊರಗಿನ ಅನಗತ್ಯ ವಿದ್ಯುತ್ತನ್ನು ತಾನು ಹಿಡಿದು ಅರ್ತ್‌ಗೆ ಸಾಗಿಸುವುದು ಅದರ ಕೆಲಸ. ಅನೇಕ ಫಲಕಗಳಲ್ಲಿ ಈ ಹೆಣಿಗೆಯನ್ನು ಬಿಡಿಸಿ, ಹುರಿ ಮಾಡಿ, ಬಾಲದಂತಹ ತಂತಿಯೊಂದರಿಂದ ದೂರದ ಅರ್ತ್ ಟರ್ಮಿನಲ್‌ಗೆ ಜೋಡಿಸುವ ರೂಢಿಯಿದೆ. 10 ಸೆಂಟಿಮೀಟರ್ ಉದ್ದದ ಇಂತಹ ತಂತಿಯನ್ನು ಮಲ್ಟಿಮೀಟರ್‌ನಿಂದ ಅಳೆದರೆ ಪ್ರತಿರೋಧ ಬಹುತೇಕ ಸೊನ್ನೆ. ಆದರೆ ಡ್ರೈವ್‌ಗಳು ಹೊರಸೂಸುವ ಅಡಚಣೆಯು 50 ಹರ್ಟ್ಸ್‌ಗೆ ಸೀಮಿತವಲ್ಲ. ಅದು ಹಲವು ಮೆಗಾಹರ್ಟ್ಸ್‌ವರೆಗೆ ವ್ಯಾಪಿಸುತ್ತದೆ. 5 ಮೆಗಾಹರ್ಟ್ಸ್‌ನಲ್ಲಿ ಅದೇ ತಂತಿಯು ಸುಮಾರು 3 ಓಮ್‌ಗಳಷ್ಟು ತಡೆಯೊಡ್ಡುತ್ತದೆ. ಆಗ ಶೀಲ್ಡ್ ಹಿಡಿದ ಅಡಚಣೆಯು ಅರ್ತ್‌ಗೆ ಸರಾಗವಾಗಿ ಹರಿಯದೆ ಸಂಕೇತದ ತಂತಿಗಳನ್ನೇ ಸೇರುತ್ತದೆ. ಬಾಲ ಉದ್ದವಾದಷ್ಟೂ ತೊಂದರೆ ಹೆಚ್ಚು.

ಸರಿಯಾದ ಜೋಡಣೆ

ಕೇಬಲ್ ಫಲಕವನ್ನು ಪ್ರವೇಶಿಸುವ ಸ್ಥಳದ ಸಮೀಪದಲ್ಲಿಯೇ ತಾಮ್ರದ ಅರ್ತ್ ಪಟ್ಟಿಯೊಂದನ್ನು ಅಳವಡಿಸಬೇಕು. ಕೇಬಲ್‌ನ ಹೊರಕವಚವನ್ನು ಹೆಣಿಗೆಗೆ ಪೆಟ್ಟಾಗದಂತೆ ಬೇಕಾದಷ್ಟೇ ತೆಗೆದು, ಶೀಲ್ಡ್‌ನ ಸುತ್ತಳತೆಯುದ್ದಕ್ಕೂ ಒತ್ತುವ ಲೋಹದ ಕ್ಲ್ಯಾಂಪ್‌ನಿಂದ ಪಟ್ಟಿಗೆ ಬಿಗಿಯಬೇಕು. ಪಟ್ಟಿಯನ್ನು ಕೂರಿಸುವ ಜಾಗದಲ್ಲಿ ಬಣ್ಣ ಅಥವಾ ಪೌಡರ್ ಕೋಟಿಂಗ್ ಇರಕೂಡದು. ಸತು ಲೇಪಿತ ಮೌಂಟಿಂಗ್ ಪ್ಲೇಟ್ ಇದಕ್ಕೆ ಉತ್ತಮ. ಕ್ಲ್ಯಾಂಪ್‌ನ ಅನಂತರವೂ ಶೀಲ್ಡ್ ಅನ್ನು ಟರ್ಮಿನಲ್‌ಗೆ ಸಾಧ್ಯವಾದಷ್ಟು ಹತ್ತಿರದವರೆಗೆ ಮುಂದುವರಿಸಬೇಕು. ಕೇಬಲ್‌ನ ಎಳೆತವನ್ನು ತಡೆಯುವ ಕೆಲಸವನ್ನು ಶೀಲ್ಡ್ ಕ್ಲ್ಯಾಂಪ್‌ಗೆ ವಹಿಸದೆ ಪ್ರತ್ಯೇಕ ಟೈ ಅಥವಾ ಗ್ಲ್ಯಾಂಡ್ ಬಳಸಬೇಕು. ಮೋಟಾರಿನ ಕೇಬಲ್ ಮತ್ತು ಸಂಕೇತದ ಕೇಬಲ್‌ಗಳು ಒಂದೇ ಟ್ರಂಕಿಂಗ್‌ನಲ್ಲಿರದೆ, ಪರಸ್ಪರ ಸುಮಾರು 20 ಸೆಂಟಿಮೀಟರ್ ಅಂತರದಲ್ಲಿರಬೇಕು. ದಾಟುವುದು ಅನಿವಾರ್ಯವಾದಲ್ಲಿ ಲಂಬಕೋನದಲ್ಲಿ ದಾಟಬೇಕು.

ಒಂದು ತುದಿಯೋ, ಎರಡು ತುದಿಯೋ?

4–20 ಮಿಲಿಆಂಪಿಯರ್‌ನಂತಹ ನಿಧಾನಗತಿಯ ಅನಲಾಗ್ ಸಂಕೇತಗಳಿಗೆ ಫಲಕದ ತುದಿಯಲ್ಲಿ ಮಾತ್ರ ಅರ್ತ್ ಮಾಡಿ, ಯಂತ್ರದ ತುದಿಯಲ್ಲಿ ಶೀಲ್ಡ್ ಅನ್ನು ಕತ್ತರಿಸಿ ನಿರೋಧಕ ಕವಚ ಹಾಕುವುದು ವಾಡಿಕೆ. ಎರಡೂ ತುದಿಗಳ ಅರ್ತ್ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಶೀಲ್ಡ್‌ನಲ್ಲಿಯೇ ವಿದ್ಯುತ್ ಹರಿಯುವುದನ್ನು ಇದು ತಪ್ಪಿಸುತ್ತದೆ. ಆದರೆ ಡ್ರೈವ್‌ನಿಂದ ಮೋಟಾರಿಗೆ ಹೋಗುವ ಶೀಲ್ಡ್ ಕೇಬಲ್ ಮತ್ತು ವೇಗದ ಡೇಟಾ ಕೇಬಲ್‌ಗಳಿಗೆ ಸಾಮಾನ್ಯವಾಗಿ ಎರಡೂ ತುದಿಗಳ ಅರ್ತಿಂಗ್ ಬೇಕಾಗುತ್ತದೆ. ಬೇರೆ ಬೇರೆ ಕಟ್ಟಡಗಳ ನಡುವಿನ ಡೇಟಾ ಸಂಪರ್ಕಕ್ಕೆ ಆಪ್ಟಿಕಲ್ ಫೈಬರ್ ಸುರಕ್ಷಿತ. ಉಪಕರಣ ತಯಾರಕರ ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಪಾಲಿಸತಕ್ಕದ್ದು.

ಅರ್ತ್ ಗುಂಡಿ ಪರಿಹಾರವಲ್ಲ

ಅಳತೆ ಏರುಪೇರಾದೊಡನೆ ಇದ್ದಿಲು, ಉಪ್ಪು ತುಂಬಿದ ಹೊಸ ಅರ್ತ್ ಗುಂಡಿ ತೋಡಿಸುವವರುಂಟು. ದೋಷ ವಿದ್ಯುತ್ ಮತ್ತು ಸಿಡಿಲಿನಿಂದ ರಕ್ಷಣೆಗೆ ಉತ್ತಮ ಗುಂಡಿ ಅತ್ಯವಶ್ಯ. ಆದರೆ ಅಧಿಕ ಆವರ್ತನದ ಅಡಚಣೆಯು ಮರಳಬೇಕಾದುದು ತನ್ನ ಮೂಲವಾದ ಡ್ರೈವ್‌ಗೆ, ಮಣ್ಣಿಗಲ್ಲ. ಫಲಕದೊಳಗಿನ ಹತ್ತಿರದ ಲೋಹದ ದಾರಿಯೇ ಅದಕ್ಕೆ ಬೇಕು. ‘ಎಲೆಕ್ಟ್ರಾನಿಕ್ಸ್‌ಗೆ ಪ್ರತ್ಯೇಕ’ ಎಂದು ಮುಖ್ಯ ಅರ್ತ್‌ಗೆ ಜೋಡಿಸದೆ ಬಿಟ್ಟ ಗುಂಡಿಯಂತೂ ಅಪಾಯಕಾರಿ. ಸಿಡಿಲು ಬಡಿದಾಗ ಅಥವಾ ದೋಷವುಂಟಾದಾಗ ಎರಡು ಅರ್ತ್‌ಗಳ ನಡುವೆ ಭಾರೀ ವೋಲ್ಟೇಜ್ ಉಂಟಾಗಿ ಉಪಕರಣಕ್ಕೂ ಕಾರ್ಮಿಕರಿಗೂ ಹಾನಿಯಾಗಬಹುದು. ಕಟ್ಟಡದ ಎಲ್ಲ ಅರ್ತ್‌ಗಳೂ ಪರಸ್ಪರ ಜೋಡಿತವಾಗಿರಬೇಕು.

ಖರೀದಿ ಆದೇಶದಲ್ಲಿಯೇ ನಮೂದಿಸಿ

ಫಲಕ ತಯಾರಕರಿಗೆ ನೀಡುವ ಖರೀದಿ ಆದೇಶದಲ್ಲಿ ಕೇಬಲ್ ಪ್ರವೇಶದ ಬಳಿ ಶೀಲ್ಡ್ ಪಟ್ಟಿ, ಸುತ್ತಲೂ ಒತ್ತುವ ಕ್ಲ್ಯಾಂಪ್, ಪ್ರತ್ಯೇಕ ಟ್ರಂಕಿಂಗ್ ಹಾಗೂ ಪ್ರತಿ ಶೀಲ್ಡ್‌ನ ಅರ್ತಿಂಗ್ ಸ್ಥಳ ತೋರಿಸುವ ನಕ್ಷೆ, ಈ ನಾಲ್ಕನ್ನು ಸ್ಪಷ್ಟವಾಗಿ ಬರೆಯುವುದು ಸೂಕ್ತ. ಭೂಸಂಪರ್ಕದ ಸಾಮಾನ್ಯ ನಿಯಮಗಳಿಗೆ ಭಾರತೀಯ ಮಾನಕ ಐ.ಎಸ್. 3043ರ 2018ರ ಆವೃತ್ತಿಯನ್ನೂ, ಅಡಚಣೆ ತಡೆಯುವ ಅರ್ತಿಂಗ್ ಮತ್ತು ಕೇಬಲಿಂಗ್‌ಗೆ ಐ.ಇ.ಸಿ. 61000-5-2 ಅನ್ನೂ ಉಲ್ಲೇಖಿಸಬಹುದು. ಫಲಕವನ್ನು ಸ್ವೀಕರಿಸುವ ಮುನ್ನ ಬಾಗಿಲು ತೆರೆದು ನೋಡಿದರೆ ಉದ್ದನೆಯ ಬಾಲಗಳು ಬರಿಗಣ್ಣಿಗೇ ಕಾಣಿಸುತ್ತವೆ. ಅಂತಿಮ ಪರೀಕ್ಷೆಯನ್ನು ಎಲ್ಲ ಡ್ರೈವ್‌ಗಳೂ ಪೂರ್ಣ ಹೊರೆಯಲ್ಲಿ ಓಡುತ್ತಿರುವಾಗಲೇ ನಡೆಸಬೇಕು. ಫಲಕ ತಯಾರಾಗುವಾಗ ಒಂದು ಪಟ್ಟಿ ಹಾಗೂ ಕೆಲವು ಕ್ಲ್ಯಾಂಪ್‌ಗಳಿಗೆ ತಗಲುವ ವೆಚ್ಚವು, ಉತ್ಪಾದನೆ ನಿಲ್ಲಿಸಿ ಅನಂತರ ದೋಷ ಹುಡುಕುವ ವೆಚ್ಚಕ್ಕಿಂತ ಬಹಳ ಕಡಿಮೆ.