ರಿಹ್ಯಾಬ್ ಕೌನ್ಸೆಲರ್ ಆಗಬೇಕೆ? ಹೀಗೆ ಶುರು ಮಾಡಿ

ಡಿಗ್ರಿ ಮುಗಿದ ಮೇಲೆ ಮುಂದೇನು ಅಂದರೆ ನಮ್ಮಲ್ಲಿ ಬರುವ ಉತ್ತರಗಳು ಗೊತ್ತಿರುವಂಥವೇ: ಬಿ.ಎಡ್., ಬ್ಯಾಂಕ್ ಪರೀಕ್ಷೆ, ಕೆಎಎಸ್ ಕೋಚಿಂಗ್. ಸೈಕಾಲಜಿ, ಸೋಷಿಯಲ್ ವರ್ಕ್, ಸಮಾಜಶಾಸ್ತ್ರ ಓದಿದವರ ಕಣ್ಣಿಗೂ ಬೀಳದ ಇನ್ನೊಂದು ದಾರಿ ಇದೆ. ಅದು ವಿಕಲಚೇತನರ ಪುನರ್ವಸತಿ ಸಮಾಲೋಚನೆ, ಅಂದರೆ ರಿಹ್ಯಾಬಿಲಿಟೇಷನ್ ಕೌನ್ಸೆಲಿಂಗ್. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆಗ ಎಣಿಸಿದ್ದು 8 ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವುದು 21. ಕೆಲಸ ಬೆಟ್ಟದಷ್ಟಿದೆ, ತರಬೇತಿ ಪಡೆದ ಕೈಗಳು ಸಾಲದು. ಆ ಕೈ ನಿಮ್ಮದಾಗಲಿ.

1. ಈ ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ.
ಅಪಘಾತದಲ್ಲಿ ಕಾಲು ಕಳೆದುಕೊಂಡ ಡ್ರೈವರ್‌ಗೆ ಸರ್ಜನ್ ಆಪರೇಷನ್ ಮಾಡುತ್ತಾರೆ, ಫಿಸಿಯೋಥೆರಪಿಸ್ಟ್ ನಡೆಯಲು ಕಲಿಸುತ್ತಾರೆ, ಇನ್ನೊಬ್ಬರು ಕೃತಕ ಕಾಲು ಜೋಡಿಸುತ್ತಾರೆ. ಆಮೇಲೆ ಆತ ಮನೆಗೆ ಹೋಗಿ ಏನು ಮಾಡಬೇಕು? ಸಂಪಾದನೆ ಹೇಗೆ? ಈ ಪ್ರಶ್ನೆ ನಿಮ್ಮದು. ಆತನಿಗೆ ಏನು ಬರುತ್ತದೆ, ಏನು ಬೇಕು, ಯಾವುದು ಅಡ್ಡ ನಿಂತಿದೆ ಎಂದು ಆತನ ಜೊತೆ ಕೂತು ಪ್ಲ್ಯಾನ್ ಮಾಡಿ. ತರಬೇತಿ ಹುಡುಕಿ, ಉದ್ಯೋಗದಾತರ ಜೊತೆ ಮಾತಾಡಿ, ಕೆಲಸಕ್ಕೆ ಸೇರಿದ ಮೇಲೂ ವಿಚಾರಿಸುತ್ತಿರಿ. ಸಾಂತ್ವನ ಹೇಳುವುದು ಇದರಲ್ಲಿ ಒಂದು ಭಾಗ ಅಷ್ಟೇ.

2. ಫೀಸ್ ಕಟ್ಟುವ ಮೊದಲು ಆರ್‌ಸಿಐ ವೆಬ್‌ಸೈಟ್ ತೆರೆಯಿರಿ.
ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆಯಡಿ ಬಂದ ಸಂಸ್ಥೆ. ವಿಕಲಚೇತನರಿಗಾಗಿ ಕೆಲಸ ಮಾಡುವ ವೊಕೇಷನಲ್ ಕೌನ್ಸೆಲರ್, ಪ್ಲೇಸ್‌ಮೆಂಟ್ ಆಫೀಸರ್‌ಗಳನ್ನು ಆ ಕಾಯ್ದೆ ಪುನರ್ವಸತಿ ವೃತ್ತಿಪರರ ಪಟ್ಟಿಯಲ್ಲೇ ಹೆಸರಿಸಿದೆ. ನೋಂದಣಿ ಇಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂದೂ ಹೇಳಿದೆ. ಹಾಗಾಗಿ ನಿಮ್ಮ ಕೋರ್ಸ್‌ಗೆ ಮಾನ್ಯತೆ ಇದೆಯೇ, ಮುಗಿದ ಮೇಲೆ ಆರ್‌ಸಿಐ ನೋಂದಣಿ ಸಿಗುತ್ತದೆಯೇ ಅಂತ ಬರಹದಲ್ಲೇ ಕೇಳಿ. ಬಾಯಿಮಾತಿನ ಭರವಸೆ ಬೇಡ.

3. ಕಾಲೇಜನ್ನು ಫೀಲ್ಡ್ ವರ್ಕ್ ನೋಡಿ ಆರಿಸಿ.
ಬೆಂಗಳೂರಿನ ರಿಚ್ಮಂಡ್ ಫೆಲೋಶಿಪ್‌ನ ಸ್ನಾತಕೋತ್ತರ ಕಾಲೇಜು ಮನೋಸಾಮಾಜಿಕ ಪುನರ್ವಸತಿಗೆಂದೇ ಇರುವುದು. ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯದಲ್ಲಿ ಎಂಎಸ್‌ಡಬ್ಲ್ಯೂ ಇದೆ. ಹೊರಗೆ ಹೋಗಬಲ್ಲವರು ತಿರುಚ್ಚಿಯ ಹೋಲಿ ಕ್ರಾಸ್ ಕಾಲೇಜಿನ ರಿಹ್ಯಾಬಿಲಿಟೇಷನ್ ಸೈನ್ಸ್ ವಿಭಾಗ, ಚೆನ್ನೈ ಬಳಿಯ ಮುಟ್ಟುಕಾಡಿನ ರಾಷ್ಟ್ರೀಯ ಸಂಸ್ಥೆಗಳನ್ನೂ ನೋಡಲಿ. ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ದಿನ ಫೀಲ್ಡ್? ಉತ್ತರ ತಡವರಿಸಿದರೆ ಮುಂದಿನ ಕಾಲೇಜಿಗೆ ನಡೆಯಿರಿ.

4. 2016ರ ಕಾಯ್ದೆಯನ್ನು ಬಾಯಿಪಾಠ ಮಾಡಿ.
ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಿಮ್ಮ ದಿನನಿತ್ಯದ ಸಲಕರಣೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಮೀಸಲಾತಿ ಇದೆ. ಸೆಕ್ಷನ್ 20ನ್ನು ವಿಶೇಷವಾಗಿ ಓದಿ. ಸರ್ಕಾರಿ ನೌಕರ ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದರೆ ಆತನನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ; ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲವೆಂದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಇದು ಗೊತ್ತಿಲ್ಲದೆ ‘ಸ್ವಯಂ ನಿವೃತ್ತಿ’ಗೆ ಸಹಿ ಹಾಕಲು ಹೊರಟ ಕಂಡಕ್ಟರ್ ನಿಮ್ಮ ಎದುರು ಕೂತಾಗ, ಈ ಒಂದು ಸೆಕ್ಷನ್ ಆತನ ಮನೆಯನ್ನೇ ಉಳಿಸುತ್ತದೆ.

ಜೊತೆಗೆ ‘ರೀಸನಬಲ್ ಅಕಾಮಡೇಷನ್’ ಅರ್ಥ ಮಾಡಿಕೊಳ್ಳಿ. ಒಬ್ಬ ವ್ಯಕ್ತಿ ಇತರರಂತೆ ಓದಲು, ದುಡಿಯಲು ಬೇಕಾದ ಸೂಕ್ತ ಹೊಂದಾಣಿಕೆ ಅದು. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಗೆ ಸುಪ್ರೀಂ ಕೋರ್ಟ್ ಬರಹಗಾರರ ಸೌಲಭ್ಯ ಕೊಡಿಸಿತು. ಅದಕ್ಕೆ ಶೇ. 40ರ ಗಡಿ ಅಡ್ಡಬರಬಾರದು ಎಂದಿತು. ತೀರ್ಪನ್ನು ಪೂರ್ತಿ ಓದಿ.

5. ಎದುರಿಗೆ ಕೂತವರನ್ನೇ ಮಾತಾಡಿಸಿ.
ತಾಯಿ, ಮಗ ಬರುತ್ತಾರೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ನಿಧಾನ. “ಇವನಿಗೆ ಏನಾದ್ರೂ ಕೆಲಸ ಕೊಡಿಸಿ ಮೇಡಂ, ಕೂತಲ್ಲೇ ಮಾಡೋವಂಥದ್ದು” ಅನ್ನುತ್ತಾರೆ ತಾಯಿ. ನೀವು ಹುಡುಗನ ಕಡೆ ತಿರುಗಿ: “ನಿಮಗೇನು ಇಷ್ಟ?” ತಾಯಿಯೇ ಉತ್ತರ ಕೊಡುತ್ತಾರೆ. “ಅಮ್ಮಾ, ಒಂದ್ನಿಮಿಷ ಅವರೇ ಹೇಳ್ಲಿ” ಅನ್ನಿ. ಕಾಯಿರಿ. ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಗಡಿಯಾರ ನೋಡಬೇಡಿ. ಆತ “ಮೊಬೈಲ್ ರಿಪೇರಿ” ಅಂದರೆ ಅಲ್ಲಿಂದಲೇ ಪ್ಲ್ಯಾನ್ ಶುರು. ತನ್ನ ಕೆಲಸ ತಾನೇ ಆರಿಸಿಕೊಂಡವನು ಅದರಲ್ಲಿ ನಿಲ್ಲುತ್ತಾನೆ, ಬೇರೆಯವರು ಹೇರಿದ್ದನ್ನು ಬಿಟ್ಟು ಬರುತ್ತಾನೆ.

6. ಜಾಬ್ ಅನಾಲಿಸಿಸ್ ಕಲಿಯಿರಿ. ಇದೇ ನಿಮ್ಮ ನಿಜವಾದ ಸ್ಪೆಷಾಲಿಟಿ.
ಕಂಪನಿಗೆ ಹೋಗಿ “ದಯವಿಟ್ಟು ಒಬ್ಬರನ್ನು ತಗೊಳ್ಳಿ” ಅಂತ ಬೇಡಬೇಡಿ. “ನಿಮ್ಮ ಪ್ಯಾಕಿಂಗ್ ಸೆಕ್ಷನ್ ಒಂದು ಗಂಟೆ ನೋಡಬಹುದಾ?” ಅಂತ ಕೇಳಿ. ಗಾರ್ಮೆಂಟ್ಸ್ ಫ್ಯಾಕ್ಟರಿ ಅಂದುಕೊಳ್ಳಿ. ಶರ್ಟ್ ಮಡಚುವುದು, ಟ್ಯಾಗ್ ಹಾಕುವುದು, ಕವರ್‌ಗೆ ತುಂಬುವುದು, ಕಾರ್ಟನ್ ಎತ್ತಿಡುವುದು. ಒಂದೊಂದು ಹೆಜ್ಜೆಗೂ ಬರೆಯಿರಿ: ಕಣ್ಣು ಬೇಕೆ, ಕಿವಿ ಬೇಕೆ, ಎರಡೂ ಕೈ ಬೇಕೆ, ನಿಂತೇ ಮಾಡಬೇಕೆ? ಎಲ್ಲರೂ ನಿಂತು ಮಾಡುತ್ತಾರೆ ಅನ್ನುವುದು ಅಲ್ಲಿನ ಅಭ್ಯಾಸ ಇರಬಹುದು. ಹಾಗಿದ್ದರೆ ಒಂದು ಎತ್ತರದ ಸ್ಟೂಲ್ ಸಾಕು, ಪೋಲಿಯೊ ಆದ ಹೆಣ್ಣುಮಗಳು ಅದೇ ಟಾರ್ಗೆಟ್ ಮುಟ್ಟಬಲ್ಲಳು. ಕಿವಿ ಕೇಳದವರಿಗೆ ಅಡ್ಡಿ ಇರುವುದು ಫೈರ್ ಅಲಾರಂ ಒಂದೇ ಆದರೆ, ಅದಕ್ಕೊಂದು ಮಿಂಚುವ ಲೈಟ್ ಹಾಕಿಸಿ. ಇಷ್ಟು ವಿವರ ಕೈಯಲ್ಲಿದ್ದರೆ ಎಚ್‌ಆರ್ ಮ್ಯಾನೇಜರ್ ನಿಮ್ಮನ್ನು ಚಂದಾ ಕೇಳಲು ಬಂದವರಂತೆ ನೋಡುವುದಿಲ್ಲ, ಕೂರಿಸಿ ಮಾತಾಡುತ್ತಾರೆ.

7. ಪಂಚಾಯಿತಿಯಿಂದ ಕಲಿಯಿರಿ.
ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಗೌರವಧನಕ್ಕೆ ದುಡಿಯುವವರು. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಎಲ್ಲಿ ತಡೆದು ನಿಂತಿದೆ, ಪಿಂಚಣಿ ಯಾಕೆ ನಿಂತಿತು, ಯಾವ ಮನೆಯಲ್ಲಿ ಯಾರನ್ನು ಹೊರಗೆ ಬಿಡುತ್ತಿಲ್ಲ, ಎಲ್ಲ ಇವರಿಗೆ ಗೊತ್ತು. ರಜೆಯಲ್ಲಿ ಒಬ್ಬರ ಜೊತೆ ಓಡಾಡಿ. ನನ್ನ ಪ್ರಕಾರ ಯಾವ ಪಠ್ಯಪುಸ್ತಕವೂ ಇಷ್ಟು ಕಲಿಸುವುದಿಲ್ಲ.

8. ಎರಡು ಕೌಶಲ ಈಗಲೇ ಬೆಳೆಸಿಕೊಳ್ಳಿ.
ಒಂದು, ಸ್ಕ್ರೀನ್ ರೀಡರ್. ಇಬ್ಬರು ಅಂಧ ಆಸ್ಟ್ರೇಲಿಯನ್ನರು ಶುರು ಮಾಡಿದ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ಮಾನಿಟರ್ ಆಫ್ ಮಾಡಿ ಒಂದು ಅರ್ಜಿ ತುಂಬಿ ನೋಡಿ. ಎರಡು, ಭಾರತೀಯ ಸನ್ನೆ ಭಾಷೆ. ದೆಹಲಿಯ ಐಎಸ್‌ಎಲ್‌ಆರ್‌ಟಿಸಿ 2021ರಲ್ಲಿ ತಂದ ನಿಘಂಟಿನಲ್ಲಿ 10,000 ಪದಗಳಿವೆ. ದಿನಕ್ಕೆ ಐದು ಕಲಿಯಿರಿ.

9. ‘ನನಗೆ ಇಂಗ್ಲಿಷ್ ಬರಲ್ಲ’ ಅನ್ನುವುದನ್ನು ಇವತ್ತೇ ನಿಲ್ಲಿಸಿ.
ಅದು ಅಭ್ಯಾಸದಿಂದ ಬಂದ ಮಾತು, ಅಭ್ಯಾಸದಿಂದಲೇ ಹೋಗುತ್ತದೆ. ದಿನಾ ಒಂದು ಕೇಸ್ ರಿಪೋರ್ಟ್ ಇಂಗ್ಲಿಷ್‌ನಲ್ಲಿ ಬರೆಯಿರಿ, ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಅದೇ ವೇಳೆ, ಕಲಬುರಗಿಯ ಅಜ್ಜಿಯ ಜೊತೆ ಅವಳ ಕನ್ನಡದಲ್ಲೇ ಮಾತಾಡಬಲ್ಲ ಕೌನ್ಸೆಲರ್‌ಗೆ ಇರುವ ಬೆಲೆ ಕಡಿಮೆಯದಲ್ಲ. ನೀವೇ ವಿಕಲಚೇತನರಾಗಿದ್ದರೆ ಇನ್ನೂ ಗಟ್ಟಿಯಾಗಿ ಹೆಜ್ಜೆ ಇಡಿ. ನಿಮ್ಮ ಅನುಭವ ಇಲ್ಲಿ ಅರ್ಹತೆ, ಶೇ. 5ರ ಸೀಟು ನಿಮ್ಮ ಹಕ್ಕು.

10. ಅಮೆರಿಕದ ಕನಸಿದ್ದರೆ ಲೆಕ್ಕ ಹಾಕಿ ಹೊರಡಿ.
ಅಲ್ಲಿ ಇದು ಪ್ರತ್ಯೇಕ ಮಾಸ್ಟರ್ಸ್ ಪದವಿ. ಸಿಎಸಿಆರ್‌ಇಪಿ ಮಾನ್ಯತೆ ಇರುವ ಕೋರ್ಸ್ ಹಿಡಿಯಿರಿ. 100 ಗಂಟೆ ಪ್ರಾಕ್ಟಿಕಮ್, 600 ಗಂಟೆ ಇಂಟರ್ನ್‌ಶಿಪ್ ಮಾಡಿಸುತ್ತಾರೆ. ಸಿಆರ್‌ಸಿ (ಸರ್ಟಿಫೈಡ್ ರಿಹ್ಯಾಬಿಲಿಟೇಷನ್ ಕೌನ್ಸೆಲರ್) ಪರೀಕ್ಷೆ ಪಾಸಾದರೆ ವೃತ್ತಿಗೆ ತೂಕ. ಒಂದೊಂದು ರಾಜ್ಯಕ್ಕೂ ವೊಕೇಷನಲ್ ರಿಹ್ಯಾಬಿಲಿಟೇಷನ್ ಏಜೆನ್ಸಿ ಇದೆ, ಕೆಲಸ ಅಲ್ಲಿ. ಈ ಓದಿಗೆ ಸಿಗುವ ಅಲ್ಲಿನ ಫೆಡರಲ್ ಸ್ಕಾಲರ್‌ಶಿಪ್ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಪಡೆದ ಒಂದೊಂದು ವರ್ಷಕ್ಕೂ ಎರಡು ವರ್ಷ ಆ ಕ್ಷೇತ್ರದಲ್ಲಿ ದುಡಿಯಬೇಕು. ಈಗಾಗಲೇ ಅಲ್ಲಿ ನೆಲೆಸಿ ವೃತ್ತಿ ಬದಲಿಸಲು ಯೋಚಿಸುವ ಕನ್ನಡಿಗರಿಗೆ ಇದು ಒಳ್ಳೆಯ ಅವಕಾಶ. ಇಲ್ಲಿಂದ ಹೋಗುವ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಸಿಸ್ಟೆಂಟ್‌ಶಿಪ್ ಕೇಳಿ.

11. ಎಲ್ಲಿ ಕೆಲಸ ಅಂತ ಕೇಳುವವರಿಗೆ ಈ ಪಟ್ಟಿ ಕೊಡಿ.
ಬೆಂಗಳೂರಿನಲ್ಲೇ ಎಪಿಡಿ 1959ರಿಂದ, ಸಮರ್ಥನಂ 1997ರಿಂದ, ಎನೇಬಲ್ ಇಂಡಿಯಾ 1999ರಿಂದ ತರಬೇತಿ, ಉದ್ಯೋಗದ ಕೆಲಸ ಮಾಡುತ್ತಿವೆ. ಜಿಲ್ಲಾ ಪುನರ್ವಸತಿ ಕೇಂದ್ರಗಳು, ಕೇಂದ್ರ ಸರ್ಕಾರದ ವಿಕಲಚೇತನರ ಕೆರಿಯರ್ ಸೇವಾ ಕೇಂದ್ರಗಳು, ಆಸ್ಪತ್ರೆಗಳು, ವಿಶೇಷ ಶಾಲೆಗಳು, ಕಂಪನಿಗಳ ಎಚ್‌ಆರ್ ವಿಭಾಗಗಳನ್ನೂ ಸೇರಿಸಿ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ವಿಕಲಚೇತನರ ನೇಮಕಾತಿ ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿಯನ್ನು ಹೊಂದಿರಬೇಕು ಎಂದು ನಿಯಮವಿದೆ. ಇಂಟರ್‌ವ್ಯೂನಲ್ಲಿ ಆ ನಿಯಮ ಎತ್ತಿ ಹೇಳಿ, ಆ ಹೊಣೆ ಹೊರಲು ತಯಾರಿದ್ದೇನೆ ಅನ್ನಿ.

ಅರ್ಜಿ ಹಾಕಲು ಮುಂದಿನ ವರ್ಷದವರೆಗೆ ಕಾಯಬೇಕಾಗಬಹುದು, ಕಲಿಯಲು ಕಾಯಬೇಕಿಲ್ಲ. ಸೋಮವಾರ ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ, ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ, ಅವರ ನಂಬರ್ ತಗೊಳ್ಳಿ. ನಗರದಲ್ಲಿದ್ದರೆ ಮೇಲಿನ ಯಾವುದಾದರೂ ಒಂದು ಸಂಸ್ಥೆಗೆ ಫೋನ್ ಮಾಡಿ, ವಾಲಂಟಿಯರ್ ಆಗಿ ಬರುತ್ತೇನೆ ಅನ್ನಿ.