ಕೂಗುವ ಮೈಕು, ಕಾಣದ ಮುಖ: ಶಾಲಾ ನಾಟಕದ ಧ್ವನಿ, ಬೆಳಕು ಮಕ್ಕಳ ಕೈಗೆ

ಅಮೆರಿಕದಲ್ಲಿ ಯಾವುದಾದರೂ ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಹಿಡಿದು ಯುಗಾದಿನೋ ರಾಜ್ಯೋತ್ಸವನೋ ಮಾಡಿದ ಕನ್ನಡ ಕೂಟದವರಿಗೆ ಈ ನೋಟ ಹೊಸದಲ್ಲ: ಸಭಾಂಗಣದ ಹಿಂದುಗಡೆ ಕಪ್ಪು ಅಂಗಿ ತೊಟ್ಟ ಇಬ್ಬರು ಮಕ್ಕಳು, ಹದಿನೈದೋ ಹದಿನಾರೋ ವಯಸ್ಸು, ಎರಡು ಬೋರ್ಡುಗಳ ಮುಂದೆ ಕೂತಿರುತ್ತಾರೆ. ಒಂದು ಧ್ವನಿಯದು, ಇನ್ನೊಂದು ಬೆಳಕಿನದು. ಅಲ್ಲಿ ಎಷ್ಟೋ ಶಾಲೆಗಳಲ್ಲಿ ನಾಟಕದ ತಾಂತ್ರಿಕ ಕೆಲಸ ವಿದ್ಯಾರ್ಥಿಗಳದ್ದೇ.

ಈಗ ನಮ್ಮ ಕನ್ನಡ ಶಾಲೆಗಳೂ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುತ್ತವೆ. ಬಣ್ಣ ಹಚ್ಚುವ ಮಕ್ಕಳಿಗೆ ಎರಡು ತಿಂಗಳು ತಾಲೀಮು. ಬೋರ್ಡಿನ ಮುಂದೆ ಕೂರುವ ಮಗುವಿಗೆ? ಕಾರ್ಯಕ್ರಮದ ದಿನ ಬೆಳಿಗ್ಗೆ ಹತ್ತು ನಿಮಿಷ. "ಇದು ಫೇಡರ್, ಇದು ಮ್ಯೂಟ್, ಕೇಳಿಸದಿದ್ರೆ ಮೇಲೆ ತಳ್ಳು." ಆಮೇಲೆ ಎಂಟು ವರ್ಷದ ಹುಡುಗಿ ಕಷ್ಟಪಟ್ಟು ಬಾಯಿಪಾಠ ಮಾಡಿದ ಮಾತು ಮೂರನೇ ಸಾಲಿಗೂ ತಲುಪೋದಿಲ್ಲ. ಊರಿಂದ ಬಂದ ಅಜ್ಜಿ ಐದನೇ ಸಾಲಿನಲ್ಲಿ ಕೂತಿರುತ್ತಾರೆ.

ನಮ್ಮ ಅಭಿಪ್ರಾಯ ಇಷ್ಟು: ಬೋರ್ಡಿನಿಂದ ಪಾಠ ಶುರು ಮಾಡಬಾರದು. ಒಂದು ಮೈಕು, ಒಂದು ಸ್ಪೀಕರು, ಒಂದು ಅಳತೆಪಟ್ಟಿ ಇದ್ದರೆ ಮೊದಲ ದಿನಕ್ಕೆ ಸಾಕು.

ಒಬ್ಬ ವಿದ್ಯಾರ್ಥಿ ಮೈಕಿನಿಂದ 10 ಸೆಂಟಿಮೀಟರ್ ದೂರದಲ್ಲಿ ನಿಂತು ಒಂದೇ ದನಿಯಲ್ಲಿ ಒಂದು ವಾಕ್ಯ ಓದಲಿ. ಉಳಿದವರು ಬೋರ್ಡಿನ ಮೀಟರ್ ನೋಡಲಿ. ಆಮೇಲೆ 20 ಸೆಂಟಿಮೀಟರ್, ಆಮೇಲೆ 40. ದೂರ ಎರಡು ಪಟ್ಟಾದ ಸಲವೆಲ್ಲ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಪುಸ್ತಕದಲ್ಲಿ ಓದಿದ ವಿಲೋಮ ವರ್ಗ ನಿಯಮ ಇಲ್ಲಿ ಕಣ್ಣೆದುರಿಗೆ ಕೆಲಸ ಮಾಡ್ತಿದೆ. ಇನ್ನೂ ದೂರ ಹೋದರೆ ಗೋಡೆಗಳಿಂದ ಮರಳಿದ ಸದ್ದು ಬೆರೆತು ಲೆಕ್ಕ ಸ್ವಲ್ಪ ಆಚೀಚೆ ಆಗುತ್ತೆ. ಯಾಕೆ ಹಾಗಾಯ್ತು ಅಂತ ಮಕ್ಕಳೇ ಕೇಳಿದರೆ ಆವತ್ತಿನ ಪಾಠ ಗೆದ್ದ ಹಾಗೆ. ಇದರಿಂದ ಸಿಗುವ ಉಪಾಯ ಬಹಳ ಸರಳ. ಮಾತು ಕೇಳಿಸ್ತಿಲ್ಲ ಅಂದರೆ ಮೊದಲು ಮೈಕನ್ನು ಬಾಯಿಯ ಹತ್ತಿರ ತರಬೇಕು. ಫೇಡರ್ ಎತ್ತುವುದು ಆಮೇಲಿನ ಮಾತು.

ಯಾಕೆಂದರೆ ಫೇಡರ್ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಮೈಕು "ಕುಯ್ಯ್..." ಅಂತ ಕೂಗಿಕೊಳ್ಳುತ್ತೆ. ಫೀಡ್‌ಬ್ಯಾಕ್ ಅಂತೀವಲ್ಲ, ಅದು. ಡೆನ್ಮಾರ್ಕಿನ ಭೌತವಿಜ್ಞಾನಿ ಸೊರೆನ್ ಲಾರ್ಸೆನ್ ಹೆಸರಿನಲ್ಲಿ ಇದನ್ನು ಲಾರ್ಸೆನ್ ಪರಿಣಾಮ ಅಂತಲೂ ಕರೀತಾರೆ. ಮೈಕಿಗೆ ಬಿದ್ದ ಸದ್ದು ಸ್ಪೀಕರಿನಿಂದ ಹೊರಬಂದು ಮತ್ತೆ ಅದೇ ಮೈಕಿಗೆ ಬೀಳುತ್ತೆ. ಒಂದು ಸುತ್ತು ಮುಗಿಸಿ ಬಂದಾಗ ಯಾವುದೋ ಒಂದು ಆವರ್ತನದ ಸದ್ದು ಹೊರಟಿದ್ದಕ್ಕಿಂತ ದೊಡ್ಡದಾಗಿದ್ದರೆ, ಸುತ್ತು ಸುತ್ತಿಗೂ ಬೆಳೀತಾ ಹೋಗುತ್ತೆ. ಸಾಲದ ಮೇಲಿನ ಚಕ್ರಬಡ್ಡಿ ಇದ್ದ ಹಾಗೆ.

ಕೂಗಿದ ತಕ್ಷಣ ವೇದಿಕೆ ಮೇಲಿರುವ ಮಗು ಏನು ಮಾಡುತ್ತೆ? ಗಾಬರಿಯಿಂದ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚುತ್ತೆ. ಕೂಗು ಇನ್ನೂ ಜೋರಾಗುತ್ತೆ! ಕೈಯಲ್ಲಿ ಹಿಡಿಯುವ ಮೈಕುಗಳು ಸಾಮಾನ್ಯವಾಗಿ ಮುಂದಿನ ಸದ್ದನ್ನು ಹೆಚ್ಚು, ಹಿಂದಿನ ಸದ್ದನ್ನು ಕಡಿಮೆ ಹಿಡಿಯುವ ಹಾಗೆ ಮಾಡಿದವು. ಜಾಲರಿಯ ಹಿಂದೆ ಇರುವ ಕಿಂಡಿಗಳಿಂದಾಗಿ ಆ ಗುಣ ಬರುತ್ತೆ. ಕೈ ಮುಚ್ಚಿದರೆ ಕಿಂಡಿಗಳೂ ಮುಚ್ಚಿ, ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯೋಕೆ ಶುರುಮಾಡುತ್ತೆ, ಸ್ಪೀಕರಿನದ್ದನ್ನೂ ಸೇರಿಸಿ. ಇದನ್ನು ತಾಲೀಮಿನಲ್ಲೇ, ಧ್ವನಿ ತಗ್ಗಿಸಿಟ್ಟು, ಒಮ್ಮೆ ಬೇಕಂತಲೇ ಮಾಡಿ ತೋರಿಸಬೇಕು. ಬೋರ್ಡಿನವರಿಗಷ್ಟೇ ಅಲ್ಲ, ಪಾತ್ರಧಾರಿಗಳಿಗೂ.

ತೆರೆದ ಮೈಕುಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತೆ. ಅದು ಎರಡು ಪಟ್ಟಾದಾಗಲೆಲ್ಲ, ಕೂಗುವ ಮೊದಲು ಸಿಗುವ ಅವಕಾಶ ಸುಮಾರು 3 ಡೆಸಿಬೆಲ್ ಕಡಿಮೆ ಆಗುತ್ತೆ. ಒಂದರ ಬದಲು ಎಂಟು ಮೈಕು ತೆರೆದಿಟ್ಟರೆ 9 ಡೆಸಿಬೆಲ್ ಹೋಯ್ತು. ಅಂದರೆ ಮಾತಾಡದವರ ಮೈಕು ಮುಚ್ಚಿರಬೇಕು. ಹಾಗಾದರೆ ಮುಂದಿನ ಮಾತು ಯಾರದು ಅಂತ ಗೊತ್ತಿರಬೇಕು. ಹಾಗಾದರೆ ಬೋರ್ಡಿನ ಮಗು ನಾಟಕ ಓದಿರಬೇಕು! ಭೌತಶಾಸ್ತ್ರ ಕೈಹಿಡಿದು ನಮ್ಮನ್ನು ತಂದು ನಿಲ್ಲಿಸೋದು ಇಲ್ಲಿಗೆ.

ಬೋರ್ಡಿನಲ್ಲಿ ಕೂತವರಿಗೆ ಕನ್ನಡವೇ ಬಾರದಿದ್ದರೆ? ಬಾಡಿಗೆ ಸಭಾಂಗಣದಲ್ಲಿ ಇದು ದಿನನಿತ್ಯದ ಪ್ರಶ್ನೆ. ಸೂಚನೆಯನ್ನು ಮಾತಿಗೆ ಕಟ್ಟುವ ಬದಲು ಕಣ್ಣಿಗೆ ಕಾಣುವ ಕ್ರಿಯೆಗೆ ಕಟ್ಟಬೇಕು. "ಅಜ್ಜಿ ಕೋಲು ಕೆಳಗಿಟ್ಟಾಗ 3ನೇ ಮೈಕು ತೆರೆ. ರಾಜ ಎದ್ದು ನಿಂತಾಗ 5 ಮುಚ್ಚು." ಇಡೀ ನಾಟಕಕ್ಕೆ ಇಂಥ ಒಂದು ಪಟ್ಟಿ ಮಾಡೋಕೆ ಒಂದು ಸಂಜೆ ಬೇಕಾಗುತ್ತೆ, ಅಷ್ಟೆ.

ಇನ್ನು ಬೆಳಕು. ಇದಕ್ಕೆ ಎರಡು ಟಾರ್ಚು, ಕತ್ತಲೆ ಕೋಣೆ, ಮಾದರಿಗೆ ಒಬ್ಬ ಗೆಳೆಯ ಸಾಕು. ನೆತ್ತಿಯ ಮೇಲಿಂದ ಬೆಳಕು ಬಿಟ್ಟರೆ ಕಣ್ಣು ಎರಡು ಕಪ್ಪು ಗುಳಿ. ನೇರ ಎದುರಿನಿಂದ ಬಿಟ್ಟರೆ ಮುಖ ದೋಸೆಯ ಹಾಗೆ ಚಪ್ಪಟೆ. ಎಡಕ್ಕೊಂದು, ಬಲಕ್ಕೊಂದು, ಸುಮಾರು 45 ಡಿಗ್ರಿ ಓರೆಯಲ್ಲಿ, 45 ಡಿಗ್ರಿ ಮೇಲಿಂದ ಬಿಟ್ಟು ನೋಡಿ, ಮೂಗು ಕೆನ್ನೆ ಎಲ್ಲಕ್ಕೂ ಆಕಾರ ಬರುತ್ತೆ. ಒಂದಕ್ಕೆ ತುಸು ಹಳದಿ ಛಾಯೆ, ಇನ್ನೊಂದಕ್ಕೆ ತುಸು ನೀಲಿ ಛಾಯೆ ಕೊಡುವ ಈ ಕ್ರಮವನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1932ರ ಪುಸ್ತಕದಲ್ಲಿ ಬರೆದಿಟ್ಟರು. ಶಾಲೆಗಳಲ್ಲಿ ಇವತ್ತಿಗೂ ಪಾಠ ಶುರುವಾಗೋದು ಬಹುಮಟ್ಟಿಗೆ ಅಲ್ಲಿಂದಲೇ.

ಬಣ್ಣದ ವಿಷಯದಲ್ಲಿ ಮಕ್ಕಳಿಗೆ ಒಂದು ಅಚ್ಚರಿ ಕಾದಿರುತ್ತೆ. ಕುಂಚದಲ್ಲಿ ಕೆಂಪು ಹಸಿರು ಬೆರೆಸಿದರೆ ಕಂದು ಕೆಸರು, ಎಲ್‌ಇಡಿ ದೀಪದಲ್ಲಿ ಬೆರೆಸಿದರೆ ಹಳದಿ. ವೇಷಭೂಷಣದ ಅಮ್ಮಂದಿರು ಗಮನಿಸಬೇಕಾದ್ದೂ ಇಲ್ಲಿದೆ: ಯುದ್ಧದ ದೃಶ್ಯ ಅಂತ ಬರೀ ಕೆಂಪು ಬೆಳಕು ಹಾಕಿದರೆ ಅಚ್ಚ ಹಸಿರು ರೇಷ್ಮೆ ಸೀರೆ ಕಪ್ಪಾಗಿ ಕಾಣುತ್ತೆ. ಅದು ಹಿಂತಿರುಗಿಸಬಲ್ಲ ಹಸಿರು ಬೆಳಕು ಅಲ್ಲಿ ಇಲ್ಲವೇ ಇಲ್ಲ.

ಬೋರ್ಡು ದೀಪಗಳ ಜೊತೆ ಮಾತಾಡುವ ಭಾಷೆಗೆ ಡಿಎಂಎಕ್ಸ್ 512 ಅಂತ ಹೆಸರು, 1986ರಲ್ಲಿ ಬಂದದ್ದು. ಒಂದು ಸಾಲಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರ ತನಕ ಒಂದು ಸಂಖ್ಯೆ. ಎಂಟು ಚಾನೆಲ್ ಬೇಡುವ ದೀಪ ಇದ್ದರೆ ಮೊದಲನೆಯದರ ವಿಳಾಸ 1, ಎರಡನೆಯದು 9, ಮೂರನೆಯದು 17. ಹೀಗೆ 64 ದೀಪ ಹಿಡಿಸುತ್ತೆ. ಈ ಲೆಕ್ಕ ಮಕ್ಕಳು ನಮಗಿಂತ ಬೇಗ ಮಾಡ್ತಾರೆ.

ಪ್ರಯೋಗಕ್ಕೆ ಬಿಡಬಾರದ ಭಾಗ ಒಂದಿದೆ: ಭಾರ ಮತ್ತು ವಿದ್ಯುತ್ತು. ತಲೆಯ ಮೇಲೆ ತೂಗುವ ಪ್ರತಿ ದೀಪಕ್ಕೂ ಕ್ಲ್ಯಾಂಪ್ ಅಲ್ಲದೆ ಉಕ್ಕಿನ ಸುರಕ್ಷತಾ ತಂತಿ ಬೇಕೇ ಬೇಕು. ಏಣಿ ಹತ್ತಿದವರ ಸ್ಪ್ಯಾನರ್ ಮಣಿಕಟ್ಟಿಗೆ ಕಟ್ಟಿರಬೇಕು, ಕೆಳಗೆ ಯಾರೂ ನಿಲ್ಲಬಾರದು, ತಿಳಿದ ಹಿರಿಯರೊಬ್ಬರು ಅಲ್ಲೇ ಇರಬೇಕು. ಅಮೆರಿಕದ 120 ವೋಲ್ಟ್, 20 ಆಂಪಿಯರ್ ಸರ್ಕ್ಯೂಟಿನಲ್ಲಿ 2400 ವ್ಯಾಟ್ ಅಂತ ಲೆಕ್ಕ ಬಂದರೂ, ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಉರಿಯುವ ಹೊರೆಗೆ ಶೇ. 80, ಅಂದರೆ 1920 ವ್ಯಾಟ್ ಮಾತ್ರ. 575 ವ್ಯಾಟಿನ ಹಳೇ ಸ್ಪಾಟ್‌ಲೈಟು ಮೂರು ಹಾಕಬಹುದು, ನಾಲ್ಕನೆಯದು ಬೇಡ.

ಪ್ರದರ್ಶನದ ಹೊತ್ತಿಗೆ ಎಲ್ಲರ ಕಿವಿಗೂ ಹೆಡ್‌ಸೆಟ್. ವೇದಿಕೆ ನಿರ್ವಾಹಕರು "ಸ್ಟ್ಯಾಂಡ್‌ಬೈ" ಅಂದಾಗ ಬೆರಳು ಗುಂಡಿಯ ಮೇಲೆ, "ಗೋ" ಅಂದಾಗ ಒತ್ತಬೇಕು. ಆ ಪದವನ್ನು ಬೇರೆ ಯಾವುದಕ್ಕೂ ಬಳಸಬಾರದು ಅನ್ನೋದು ಇಂಗ್ಲಿಷಿನವರ ಕಟ್ಟಳೆ. ಕನ್ನಡದವರಿಗೆ ಇದು ಇನ್ನೂ ಕಷ್ಟ. "ಲೇ, ಬ್ಯಾಟರಿ ತಗೋ" ಅಂತ ಒಬ್ಬ ಹೆಡ್‌ಸೆಟ್ಟಿನಲ್ಲಿ ಅಂದರೆ ಸೂರ್ಯ ಹುಟ್ಟಿಬಿಡಬಹುದು! ಅದಕ್ಕೇ ನಮ್ಮ ಸಲಹೆ, ಸಂಖ್ಯೆ ಸೇರಿಸಿ ಹೇಳಿ: "ಬೆಳಕು ಹನ್ನೆರಡು, ಗೋ."

ಕೊನೇ ತಾಲೀಮಿಗೆ ಒಂದು ಪರೀಕ್ಷೆ ಇಡಿ. ಮಕ್ಕಳು ಊಟಕ್ಕೆ ಹೋದಾಗ ಒಂದು ಮೈಕಿನ ಕೇಬಲ್ ಬೇರೆ ಚಾನೆಲ್ಲಿಗೆ ಸಿಕ್ಕಿಸಿ, ಒಂದು ವೈರ್‌ಲೆಸ್ ಮೈಕಿಗೆ ಸತ್ತ ಬ್ಯಾಟರಿ ಹಾಕಿ, ಒಂದು ದೀಪದ ವಿಳಾಸ ಬದಲಿಸಿ. ಬಂದ ಮೇಲೆ ಐದು ನಿಮಿಷ ಕೊಡಿ. ಸಿಕ್ಕಸಿಕ್ಕ ಗುಂಡಿ ಒತ್ತಲು ಬಿಡಬೇಡಿ. ಮೈಕಿನಿಂದ ಶುರು ಮಾಡಿ ಬ್ಯಾಟರಿ, ರಿಸೀವರ್, ಕೇಬಲ್, ಚಾನೆಲ್, ಆಂಪ್ಲಿಫೈಯರ್, ಸ್ಪೀಕರು ಅಂತ ಒಂದೊಂದೇ ಕೊಂಡಿ ಮುಟ್ಟಿ, ಏನು ನೋಡ್ತಿದ್ದೀವಿ ಅಂತ ಬಾಯಿಬಿಟ್ಟು ಹೇಳುತ್ತಾ ಬರಲಿ. ಐದು ನಿಮಿಷ ಸಾಲದೇ ಹೋದರೆ ಮಾರನೇ ದಿನ ಬೇರೆ ಕೊಂಡಿ ಕಳಚಿಟ್ಟು ಮತ್ತೆ ಮಾಡಿಸಿ.