ಹೆಬ್ಬಾಳ ದಾಟಬೇಕಾದ ಕೇಕು

ಬೆಂಗಳೂರಿನ ಉತ್ತರ ಭಾಗದಲ್ಲಿ ಕೇಕಿನ ವ್ಯಾಪಾರ ಮಾಡುವವರಿಗೆ ಓವನ್ನಿನ ಮುಂದಿನ ಕೆಲಸ ಅರ್ಧ, ಬಳ್ಳಾರಿ ರಸ್ತೆಯ ಕೆಲಸ ಇನ್ನರ್ಧ. ಯಲಹಂಕ ನ್ಯೂ ಟೌನಿನಿಂದ ಆರ್.ಟಿ. ನಗರಕ್ಕೆ ಒಂದು ಕೇಕು ತಲುಪಬೇಕೆಂದರೆ ಕೊಡಿಗೇಹಳ್ಳಿ ಗೇಟು, ಎಸ್ಟೀಮ್ ಮಾಲ್ ಎದುರಿನ ಬಸ್ಸುಗಳ ಸಾಲು, ಹೆಬ್ಬಾಳದ ಮೇಲ್ಸೇತುವೆ ಎಲ್ಲವನ್ನೂ ದಾಟಬೇಕು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ವಿಮಾನ ಹಿಡಿಯುವವರ ಅವಸರಕ್ಕೂ ನಮ್ಮ ಅವಸರಕ್ಕೂ ಇದೇ ದಾರಿ. ಹುಟ್ಟುಹಬ್ಬಗಳೋ, ಎಲ್ಲರ ಮನೆಯಲ್ಲೂ ಸಂಜೆ ಏಳಕ್ಕೇ. ನಾನು ಏನನ್ನು ಮಾರಬೇಕು, ಏನನ್ನು ಮಾರಬಾರದು ಎಂದು ತೀರ್ಮಾನಿಸಿದ್ದು ನನ್ನ ನಾಲಿಗೆಗಿಂತ ಹೆಚ್ಚಾಗಿ ಈ ರಸ್ತೆ.

ಚಾಕೊಲೇಟ್ ಒಂದನ್ನೇ ಹಿಡಿದುಕೊಂಡಿದ್ದಕ್ಕೆ ಮಾತ್ರ ಕಾರಣ ಬೇರೆ. ನನ್ನ ತವರು ಪುತ್ತೂರಿನ ಕಡೆ. ಅಪ್ಪನ ಅಡಿಕೆ ತೋಟದಲ್ಲಿ ಮರಗಳ ನಡುವೆ ಕೊಕ್ಕೋ ಗಿಡಗಳಿದ್ದವು. ಕಾಯಿ ಒಡೆದು ಬೀಜದ ಮೇಲಿನ ಬಿಳಿ ಲೋಳೆ ಚೀಪಿ ಉಗುಳುವುದು ನಮ್ಮ ಆಟ, ಉಳಿದದ್ದು ಕ್ಯಾಂಪ್ಕೋಗೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಹಕಾರಿ ಸಂಸ್ಥೆ, ಕೊಕ್ಕೋ ಕೊಳ್ಳುವವರಿಲ್ಲದೆ ಬೆಲೆ ನೆಲ ಕಚ್ಚಿದಾಗ ತಾನೇ ಮುಂದೆ ಬಂದು ಕೊಂಡಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಆ ಕಡೆಯ ದಾರಿಯಲ್ಲಿ ಹೋಗುವಾಗ ಬಸ್ಸಿನೊಳಗೇ ಹುರಿದ ಕೊಕ್ಕೋದ ವಾಸನೆ ಬರುತ್ತಿತ್ತು. ಕಾಯಿ ಗೊತ್ತಿತ್ತು, ವಾಸನೆ ಗೊತ್ತಿತ್ತು. ನಡುವಿನ ಕೆಲಸ ಕಲಿತದ್ದು ಮದುವೆಯಾಗಿ ಯಲಹಂಕಕ್ಕೆ ಬಂದ ಮೇಲೆ, ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಲ್ಲಿ. ಗೃಹಿಣಿಯರು, ಅಂಗಡಿ ಇಡಬೇಕೆಂದಿರುವ ಹುಡುಗರು, ನಿವೃತ್ತರು ಎಲ್ಲ ಒಟ್ಟಿಗೆ ಏಪ್ರನ್ ಕಟ್ಟಿ ನಿಲ್ಲುವ ಜಾಗ ಅದು. ತಕ್ಕಡಿಗೆ ಮರ್ಯಾದೆ ಕೊಡುವುದನ್ನು ಅಲ್ಲಿ ಕಲಿಸುತ್ತಾರೆ. ಲೋಟ, ಚಮಚದ ಲೆಕ್ಕವೆಲ್ಲ ಮನೆಯಲ್ಲಿ ಬಿಟ್ಟು ಗ್ರಾಮಿನಲ್ಲಿ ಯೋಚಿಸಬೇಕು.

ಬೆಂಗಳೂರಿನವರ ಬಾಯಿಗೆ ಚಾಕೊಲೇಟ್ ಅಂದರೆ ಏನು ಅನ್ನುವುದನ್ನು ಮೊದಲೇ ಇಬ್ಬರು ತೀರ್ಮಾನಿಸಿಬಿಟ್ಟಿದ್ದಾರೆ ಎಂಬುದು ವ್ಯಾಪಾರಕ್ಕಿಳಿದ ಮೇಲೆ ಅರ್ಥವಾಯಿತು. ಒಂದು ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸಹೋದರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರು ಮಾಡಿದರೆನ್ನುವ ಆ ಪರಂಪರೆ, ಕೇಕಿಗೆ ಮೊಟ್ಟೆ ಬೇಕೇ ಬೇಕು ಎಂಬ ಮಾತನ್ನು ಈ ಊರಲ್ಲಿ ಸುಳ್ಳು ಮಾಡಿತು. ಇನ್ನೊಂದು 1982ರಲ್ಲಿ ರೆಸಿಡೆನ್ಸಿ ರಸ್ತೆಯಲ್ಲಿ ಆರಂಭವಾದ ಕಾರ್ನರ್ ಹೌಸ್. ಕೇಕಿನ ತುಂಡು, ಐಸ್‌ಕ್ರೀಮು, ಮೇಲೆ ಬಿಸಿ ಫಡ್ಜ್ ಸುರಿದ ಅವರ ‘ಡೆತ್ ಬೈ ಚಾಕೊಲೇಟ್’ ತಿಂದು ಬೆಳೆದವರೇ ಈಗ ಮಕ್ಕಳಿಗೆ ಕೇಕು ಆರ್ಡರ್ ಮಾಡುವ ಅಪ್ಪ ಅಮ್ಮಂದಿರು. ಅವರಿಗೆ ಚಾಕೊಲೇಟ್ ಅಂದರೆ ದಪ್ಪಗೆ, ಹೊಳೆಯುತ್ತ, ಚಮಚಕ್ಕೆ ಅಂಟಿಕೊಳ್ಳುವಂತಿರಬೇಕು. ಫ್ರಾನ್ಸಿನಲ್ಲಿ ಕಲಿತು ಬಂದವರು ಕಾಗದದಷ್ಟು ತೆಳು ಪದರ ಇಟ್ಟುಕೊಟ್ಟರೆ, ಸಹಕಾರನಗರದ ಗಿರಾಕಿ ಮುಲಾಜಿಲ್ಲದೆ ಕೇಳುತ್ತಾರೆ: “ಮೇಡಂ, ಸಾಸ್ ಸ್ವಲ್ಪ ಜಾಸ್ತಿ ಹಾಕ್ಬೋದಾ?”

ಎರಡನೆಯ ಪ್ರಶ್ನೆ ಸಾಮಾನ್ಯವಾಗಿ “ಎಗ್‌ಲೆಸ್ ತಾನೆ?” ಎಂಬುದು. ಕೇಳುವವರು ಮೊಟ್ಟೆ ತಿನ್ನುವವರೇ ಇರಬಹುದು. ಆದರೆ ಮನೆಯಲ್ಲಿ ಅಜ್ಜಿ ಇರುತ್ತಾರೆ, ಅಥವಾ ಆ ದಿನ ಶನಿವಾರ ಬಿದ್ದಿರುತ್ತದೆ. ಹಾಗಾಗಿ ನನ್ನ ಮುಖ್ಯ ಸ್ಪಾಂಜಿನಲ್ಲಿ ಮೊಟ್ಟೆಯಿಲ್ಲ. ಮೊಸರಿನ ಹುಳಿಗೆ ಅಡುಗೆ ಸೋಡಾ ಸೇರಿದರೆ ಉಬ್ಬು ಬರುತ್ತದೆ. ಕೊಕ್ಕೋ ಪುಡಿಯನ್ನು ಒಣದಾಗಿ ಹಾಕುವುದಿಲ್ಲ, ಬಿಸಿ ಫಿಲ್ಟರ್ ಕಾಫಿ ಡಿಕಾಕ್ಷನ್ನಿನಲ್ಲಿ ಕಲಸಿಡುತ್ತೇನೆ. ಕಾಫಿಯ ರುಚಿ ಗೊತ್ತಾಗುವುದಿಲ್ಲ, ಚಾಕೊಲೇಟಿನದು ಇಮ್ಮಡಿಯಾಗುತ್ತದೆ. ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಹತ್ತಿರ ಹತ್ತಿರ 97 ಡಿಗ್ರಿಗೆ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಕೇಕು ಬೇಗ ಏಳುತ್ತದೆ, ಒಳಗೆ ಗಟ್ಟಿಯಾಗುವ ಮೊದಲೇ ಎದ್ದು ನಡುವೆ ಕುಸಿಯಲೂಬಹುದು. ಹೊರದೇಶದ ಪುಸ್ತಕದ ಅಳತೆಗಿಂತ ಸೋಡಾ ಒಂದು ಚಿಟಿಕೆ ಕಡಿಮೆ, ಹಿಟ್ಟು ಒಂದು ಮುಷ್ಟಿ ಹೆಚ್ಚು ಹಾಕಿದರೆ ತಲೆ ಸಮತಟ್ಟಾಗಿ ನಿಲ್ಲುತ್ತದೆ.

ಇನ್ನು ಮೇಲಿನ ಹೊದಿಕೆ. ಹಾಲಿನ ಕ್ರೀಮು ಸ್ಕೂಟರಿನ ಡಬ್ಬಿಯಲ್ಲಿ ಹೆಬ್ಬಾಳದ ಹೊತ್ತಿಗೇ ಸೋರಲು ಶುರುಮಾಡುತ್ತದೆ. ತಾಳೆ ಕೊಬ್ಬಿನ ವಿಪ್ಪಿಂಗ್ ಕ್ರೀಮು ನಿಲ್ಲುತ್ತದೆ ನಿಜ, ತಿಂದಾದ ಮೇಲೂ ಅಂಗುಳಕ್ಕೆ ಮೇಣ ಬಳಿದ ಹಾಗೆ ಉಳಿಯುತ್ತದೆ. ಇವೆರಡನ್ನೂ ಬಿಟ್ಟು ಗನಾಶಿಗೆ ನಿಂತೆ. ಚಾಕೊಲೇಟನ್ನು ಉಗುರಿನಷ್ಟು ಸಣ್ಣಗೆ ಕೊಚ್ಚಿ, ಅಂಚಿನಲ್ಲಿ ಗುಳ್ಳೆ ಏಳುತ್ತಿರುವ ಕ್ರೀಮನ್ನು ಅದರ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ನಡುವಿನಿಂದ ಮೆಲ್ಲಗೆ ಸುತ್ತು ಹಾಕುತ್ತ ಬಂದರೆ ಮೊದಲು ಒಡೆದ ಹಾಲಿನಂತೆ ಕಾಣುತ್ತದೆ, ಹೊಸಬರು ಅಲ್ಲೇ ಗಾಬರಿಯಾಗುತ್ತಾರೆ. ಇನ್ನೂ ಹತ್ತು ಸುತ್ತು ಹಾಕಿದರೆ ತಟಕ್ಕನೆ ಕೂಡಿಕೊಂಡು ಕನ್ನಡಿಯಾಗುತ್ತದೆ. ನಿಜವಾಗಿ ಒಡೆದರೆ ಒಂದು ಚಮಚ ಬಿಸಿ ಹಾಲು ಸಾಕು. ಒಳಗಿನ ಪದರಕ್ಕೆ ಚಾಕೊಲೇಟ್, ಕ್ರೀಮು ಸಮಸಮ. ಹೊರಗಿನ ಗೋಡೆಗೆ ಎರಡಕ್ಕೆ ಒಂದು. ಈ ಗೋಡೆ ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೆ ರಸ್ತೆಯ ಯಾವ ಹಂಪಿಗೂ ಜಗ್ಗುವುದಿಲ್ಲ.

ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ಬಾಯಿಯ ಶಾಖಕ್ಕೆ. ಅದೇ ಅದರ ಹೆಗ್ಗಳಿಕೆ, ಅದೇ ಅದರ ತಾಪತ್ರಯ. ಅಲಂಕಾರದ ಎಲೆ, ಸುರುಳಿಗಳಿಗೆ ಡಾರ್ಕ್ ಚಾಕೊಲೇಟನ್ನು 45 ಡಿಗ್ರಿ ದಾಟಿಸಿ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಟೆಂಪರ್ ಮಾಡಬೇಕು. ಡಿಸೆಂಬರಿನ ಯಲಹಂಕದಲ್ಲಿ ಕಿಟಕಿ ತೆರೆದಿಟ್ಟೇ ಈ ಕೆಲಸ ಆಗುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ಮುಟ್ಟಿತಲ್ಲ, ಆಗ ಏ.ಸಿ. ಕೋಣೆಯಿಂದ ಹೊರಗಿಟ್ಟದ್ದೆಲ್ಲ ಪಾಯಸ. ಆ ತಿಂಗಳುಗಳಲ್ಲಿ ಅಲಂಕಾರಕ್ಕಷ್ಟೇ ಕಾಂಪೌಂಡ್, ಅಂದರೆ ಕೊಕ್ಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಚಾಕೊಲೇಟ್, ಬಳಸುತ್ತೇನೆ, ಕೇಳಿದವರಿಗೆ ಹೇಳಿಯೂ ಹೇಳುತ್ತೇನೆ. ಕಾಂಪೌಂಡ್ ಅಂದರೆ ಮೂಗು ಮುರಿಯುವವರು ಬಹಳ ಮಂದಿ. ನನಗಂತೂ ಅದು ಮೋಸವೆನಿಸುವುದು ಶುದ್ಧ ಚಾಕೊಲೇಟಿನ ದರ ಹಾಕಿ ಅದನ್ನು ಕೊಟ್ಟಾಗ ಮಾತ್ರ.

ಆರ್ಡರ್ ಹೆಚ್ಚಿದ ಮೇಲೆ ಕಾದು ನಿಂತಿದ್ದು ಏರೋ ಇಂಡಿಯಾ. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಪ್ರದರ್ಶನ ನಡೆಯುವ ಆ ವಾರ, ತಲೆಯ ಮೇಲೆ ವಿಮಾನಗಳಿಗೆ ಅಡ್ಡಿಯಿಲ್ಲ, ಕೆಳಗೆ ನಾವು ಅಲುಗಾಡುವಂತಿಲ್ಲ. ಡೆಲಿವರಿ ಹುಡುಗನೇ ಒಂದು ಮಾತು ಹೇಳಿದ: “ಅಕ್ಕ, ಕೇಕ್ ಬಿಡಿ, ಡಬ್ಬೀಲಿ ತುಂಬಿ ಕೊಡಿ. ನಾನು ಉಲ್ಟಾ ಹಿಡಿದ್ರೂ ಏನೂ ಆಗಲ್ಲ.” ಸ್ಪಾಂಜು, ಗನಾಶು, ಹುರಿದ ಗೋಡಂಬಿ ಪದರ ಪದರವಾಗಿ ಟಬ್ಬಿನಲ್ಲಿ ತುಂಬಿ ಕಳಿಸಲು ಶುರುಮಾಡಿದ್ದು ಹೀಗೆ. ಕೇಕು ಹುಟ್ಟುಹಬ್ಬಕ್ಕೆ ಕಾಯುತ್ತದೆ. ಟಬ್ಬಿಗೆ ಕಾರಣವೇ ಬೇಡ, ಮಂಗಳವಾರ ರಾತ್ರಿ ಹತ್ತು ಗಂಟೆಗೂ ಆರ್ಡರ್ ಬರುತ್ತದೆ. ಅಂಚು ಕತ್ತರಿಸಿದ ಸ್ಪಾಂಜು ದಂಡವಾಗುವುದೂ ನಿಂತಿತು. ಇವತ್ತು ಬಾಡಿಗೆ ಕಟ್ಟುತ್ತಿರುವುದು ಟಬ್ಬು, ಹೆಸರು ತರುತ್ತಿರುವುದು ಕೇಕು.

ದುಡ್ಡಿನ ವಿಷಯಕ್ಕೆ ಬಂದರೆ 2024ನ್ನು ಮರೆಯುವ ಹಾಗಿಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬೆಳೆಯುವ ಐವರಿ ಕೋಸ್ಟ್, ಘಾನಾಗಳಲ್ಲಿ ಮಳೆಯ ಏರುಪೇರು, ಗಿಡದ ರೋಗ ಎರಡೂ ಸೇರಿ ಬೆಳೆ ಕೈಕೊಟ್ಟಿತು. ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿನ ಬೆಲೆ ಮಾರ್ಚ್‌ನಲ್ಲಿ 10,000 ಡಾಲರ್ ದಾಟಿತು. ಅಪ್ಪ ಫೋನ್ ಮಾಡಿ, “ಈ ಸಲ ಕೊಕ್ಕೋಗೆ ಒಳ್ಳೆ ಕ್ರಯ ಉಂಟು ಮಾರಾಯ್ತಿ” ಎಂದು ಖುಷಿಪಡುವಾಗ, ಇಲ್ಲಿ ನಾನು ಬೇಕರಿ ಸಾಮಾನಿನ ಅಂಗಡಿಯ ಹೊಸ ಬಿಲ್ಲು ಹಿಡಿದು ಕೂತಿದ್ದೆ. ಗನಾಶಿಗೆ ನೀರು ಸೇರಿಸುವ ಬದಲು ಅಳತೆ ಇಳಿಸಿದೆ: ಒಂದು ಕಿಲೋ ಕೇಕಿನ ಜಾಗದಲ್ಲಿ ಅರ್ಧ ಕಿಲೋದ ಎತ್ತರದ ಕೇಕು, ಜೊತೆಗೆ ನಾಲ್ವರಿಗೆ ಸಾಕಾಗುವ ಪುಟ್ಟದೊಂದು. ದರ ಏರಿಸಿದ್ದಕ್ಕೆ ಕಾರಣವನ್ನು ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಬರೆದು ಎಲ್ಲರಿಗೂ ಕಳಿಸಿದೆ. ಚೌಕಾಸಿ ಮಾಡುವವರು ಹೋದರು, ಹಳಬರು ಉಳಿದರು. 2025ರ ಸೆಪ್ಟೆಂಬರ್ 22ರಿಂದ ಕೇಕು, ಚಾಕೊಲೇಟ್ ಎರಡರ ಜಿಎಸ್‌ಟಿಯೂ ಶೇ 18ರಿಂದ ಶೇ 5ಕ್ಕೆ ಇಳಿದಾಗ ಅದೇ ಹಳಬರು “ನಮಗೂ ಕಡಿಮೆ ಮಾಡ್ಬೇಕು ನೀವು” ಎಂದು ಹಕ್ಕಿನಿಂದ ಕೇಳಿದರು. ಮಾಡಿದೆ.

ಮನೆಯ ಅಡುಗೆಮನೆಯಲ್ಲಿ ಶುರು ಮಾಡುವಾಗ ವರ್ಷಕ್ಕೆ 100 ರೂಪಾಯಿ ಕಟ್ಟಿ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದರೆ ಸಾಕಿತ್ತು. ಆಗ ವರ್ಷದ ವ್ಯಾಪಾರ 12 ಲಕ್ಷದ ಗಡಿ ದಾಟಿದರೆ ಲೈಸೆನ್ಸು ಬೇಕಿತ್ತು. ಡೆಕ್ ಓವನ್ ತಂದಾಗ ವಿದ್ಯುತ್ ಸಂಪರ್ಕವನ್ನು ಕಮರ್ಷಿಯಲ್ ಮಾಡಿಸಿದೆ. ಇವೆಲ್ಲ ಓಡಾಟದ ಕೆಲಸ, ಹೆಚ್ಚು ಹೇಳುವಂಥದ್ದೇನಿಲ್ಲ.

ಎಲ್ಲರೂ ನ್ಯೂ ಟೌನಿನ ಮುಖ್ಯರಸ್ತೆಯಲ್ಲಿ ಗಾಜಿನ ಅಂಗಡಿ ಹಾಕು ಅಂದರು. ಆ ದುಡ್ಡಿನಲ್ಲಿ ಆರ್.ಟಿ. ನಗರದ ಒಳರಸ್ತೆಯಲ್ಲಿ ಒಂದು ಕೋಣೆ ಹಿಡಿದೆ. ಅಲ್ಲಿ ಓವನ್ ಇಲ್ಲ. ಫ್ರಿಜ್ಜು, ಟರ್ನ್‌ಟೇಬಲ್, ಏ.ಸಿ., ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳು. ಯಲಹಂಕದಲ್ಲಿ ರಾತ್ರಿ ಬೆಂದ ಸ್ಪಾಂಜುಗಳು ಬೆಳಗಿನ ಜಾವ ರಸ್ತೆ ಖಾಲಿಯಿರುವಾಗಲೇ ಯಶವಂತಪುರದ ಸಗಟು ಮಾರುಕಟ್ಟೆ ಯಾರ್ಡಿಗೆ ಹೊರಡುವ ಗಾಡಿಯಲ್ಲಿ ಅಲ್ಲಿಗೆ ಇಳಿಯುತ್ತವೆ, ಗಾಡಿ ವಾಪಸು ಬರುವಾಗ ಸಕ್ಕರೆ, ಗೋಡಂಬಿ ಹೊತ್ತು ತರುತ್ತದೆ. ಗನಾಶು ಅಲ್ಲಿಯೇ ಹೊದೆಸುತ್ತಾರೆ, ಹೆಸರು ಅಲ್ಲಿಯೇ ಬರೆಯುತ್ತಾರೆ. (‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಅರ್ಧ ಕಿಲೋ ಕೇಕಿನ ಮೇಲೆ ಬರೆಸಬೇಕೆನ್ನುವವರು ದಯವಿಟ್ಟು ಒಂದು ಕಿಲೋ ತೆಗೆದುಕೊಳ್ಳಿ.) ಗಂಗಾನಗರ, ಸುಲ್ತಾನ್‌ಪಾಳ್ಯ ಪಕ್ಕದಲ್ಲೇ. ಯಶವಂತಪುರ, ಮತ್ತಿಕೆರೆಗೆ ಮೇಖ್ರಿ ವೃತ್ತದ ಮೇಲೆ ಹೋಗಬಹುದು. ಸಂಜೆಯ ಹೊತ್ತು ಹೆಬ್ಬಾಳದ ಕಡೆ ತಲೆಯೂ ಹಾಕಬೇಕಿಲ್ಲ.

ಯಶವಂತಪುರದಲ್ಲೂ ಇಂಥದ್ದೊಂದು ಕೋಣೆ ನೋಡಿ ಬಂದಿದ್ದೇನೆ. ಬಾಡಿಗೆ ಪರವಾಗಿಲ್ಲ, ಆದರೆ ಮೂರನೇ ಮಹಡಿ, ಲಿಫ್ಟಿಲ್ಲ. ಮಾಲೀಕರು ನೆಲಮಹಡಿ ಖಾಲಿಯಾದರೆ ಹೇಳುತ್ತೇನೆಂದಿದ್ದಾರೆ.